ಬಟ್ಟೆ ಬೊಂಬೆ ಹೊತ್ತು ದೇಶ ಸುತ್ತಿದ ಸೂಲಗಿತ್ತಿ

ಬಟ್ಟೆ, ಚರ್ಮ, ಒಳಗೆ ತುಂಬೋಕೆ ಹತ್ತಿ, ಬಿಗಿಯೋಕೆ ದಾರ, ಪಟ್ಟಿ. ಯಾವ ಪೇಟೆ ಬೀದಿಯಲ್ಲಾದರೂ ಸಿಗುವ ಸಾಮಾನುಗಳಿವು. ಇವನ್ನೇ ಇಟ್ಟುಕೊಂಡು 250 ವರ್ಷಗಳಿಗೂ ಹಿಂದೆ ಫ್ರಾನ್ಸ್ ದೇಶದಲ್ಲಿ ಒಬ್ಬ ಸೂಲಗಿತ್ತಿ ಹೆರಿಗೆ ಕಲಿಸುವ ಬೊಂಬೆ ಮಾಡಿದರು. ಅದನ್ನು ಗಾಡಿಗೆ ಹೇರಿಕೊಂಡು ಇಡೀ ದೇಶ ತಿರುಗಿದರು. ಅವರ ಹೆಸರು ಆಂಜೆಲಿಕ್ ದು ಕೂದ್ರೇ. ಆ ಕಾಲದ ಫ್ರಾನ್ಸಿನಲ್ಲಿ ಮೇಡಂ ದು ಕೂದ್ರೇ ಎಂದರೆ ಗೊತ್ತಿಲ್ಲದ ಅಧಿಕಾರಿ ಇರಲಿಲ್ಲ.

ಅವರು ಹುಟ್ಟಿದ್ದು 1712ರ ಸುಮಾರಿಗೆ. ಪ್ಯಾರಿಸ್‌ನಲ್ಲಿ ಹಿರಿಯ ಸೂಲಗಿತ್ತಿಯ ಕೈಕೆಳಗೆ ಪಳಗಿ, ಪರೀಕ್ಷೆ ಕೊಟ್ಟು, 1740ರಲ್ಲಿ ಪರವಾನಗಿ ಪಡೆದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಒಂದು ಜಗಳ ಎದ್ದಿತು. ಶಸ್ತ್ರವೈದ್ಯರು ಹೊಸ ಸೂಲಗಿತ್ತಿಯರಿಗೆ ಪಾಠ ಹೇಳೋದನ್ನೇ ನಿಲ್ಲಿಸಿಬಿಟ್ಟರು. ಕಲಿಕೆಯೇ ಇಲ್ಲದೆ ಹೆರಿಗೆ ಮಾಡಿಸೋದು ಹೇಗೆ ಅಂತ ಸೂಲಗಿತ್ತಿಯರು ಸೇರಿ ದೂರು ಕೊಟ್ಟರು. ದೂರು ಕೊಟ್ಟವರಲ್ಲಿ ದು ಕೂದ್ರೇ ಕೂಡ ಒಬ್ಬರು.

ಆಮೇಲೆ ಅವರು ಪ್ಯಾರಿಸ್ ಬಿಟ್ಟು ಒವೆರ್ನ್ ಅನ್ನೋ ಗುಡ್ಡಗಾಡು ಸೀಮೆಗೆ ಹೋದರು. ಅಲ್ಲಿ ಕಂಡದ್ದು ಬೇರೆಯೇ ಲೋಕ. ಹೆರಿಗೆ ತಡವಾದರೆ ಹೊಟ್ಟೆ ಒತ್ತುವುದು, ಕಸ ಬೀಳಲಿಲ್ಲವೆಂದು ಹೊಕ್ಕುಳ ಬಳ್ಳಿ ಹಿಡಿದು ಜಗ್ಗುವುದು, ಕೈಯೋ ಕಾಲೋ ಮೊದಲು ಕಂಡರೆ ಅದನ್ನೇ ಎಳೆಯುವುದು. ಮಗು ಹೋಗ್ತಿತ್ತು, ಬಾಣಂತಿಯೂ ಹೋಗ್ತಿದ್ದಳು. ಉಳಿದವಳು ಜೀವಮಾನವಿಡೀ ನರಳಬೇಕಿತ್ತು. ಆ ಹಳ್ಳಿಗಳ ಹಳೇ ಸೂಲಗಿತ್ತಿಯರ ಮೇಲೆ ದು ಕೂದ್ರೇ ಬಹಳ ಕಟುವಾಗಿ ಬರೆದಿದ್ದಾರೆ. ಅದು ಸ್ವಲ್ಪ ಅತಿಯಾಯಿತು ಎನ್ನಬೇಕು. ಆ ಹೆಂಗಸರಿಗೆ ಕಲಿಸಿದವರಾದರೂ ಯಾರಿದ್ದರು?

ಕಲಿಸಲು ಕೂತಾಗ ತೊಡಕು ಬಂತು. ಬಂದವರಲ್ಲಿ ಬಹಳ ಮಂದಿಗೆ ಅಕ್ಷರ ಬಾರದು. ಬಾಯಲ್ಲಿ ಹೇಳಿದರೆ ತಲೆಗೆ ಹತ್ತದು. ಹೆರಿಗೆ ನೋವಿನಲ್ಲಿರುವ ಹೆಂಗಸಿನ ಮೇಲೆ ಕೈ ಪಳಗಿಸಿಕೊಳ್ಳಿ ಅಂತ ಹೇಳೋಕೂ ಆಗದು. ಹಾಗಾಗಿ ಬೊಂಬೆ ಹುಟ್ಟಿತು.

ಸೊಂಟದಿಂದ ತೊಡೆಯವರೆಗಿನ ಹೆಣ್ಣಿನ ದೇಹ, ನಿಜ ಅಳತೆಯದು. ಪಟ್ಟಿ ಎಳೆದರೆ ಹೆರಿಗೆ ದಾರಿ ಹಿಗ್ಗುತ್ತಿತ್ತು, ಬಿಟ್ಟರೆ ಕುಗ್ಗುತ್ತಿತ್ತು. ಜೊತೆಗೆ ಕಸ, ಹೊಕ್ಕುಳ ಬಳ್ಳಿ, ದಿನ ತುಂಬಿದ ಮಗು, ಅವಳಿ ಮಕ್ಕಳು. ಮುಂದೆ ಸ್ಪಂಜಿನಲ್ಲಿ ಕೆಂಪು ನೀರು ತುಂಬಿಸಿ ರಕ್ತ ಹರಿಯುವುದನ್ನೂ ತೋರಿಸಿದರು. ಎಲ್ಲಕ್ಕಿಂತ ಜಾಣತನ ಇರೋದು ಮಗುವಿನ ಬಾಯಲ್ಲಿ. ಬೊಂಬೆ ಮಗುವಿನ ಬಾಯಿ ತೆರೆದಿತ್ತು, ಬೆರಳು ಒಳಗೆ ಹೋಗುವಷ್ಟು. ಯಾಕೆಂದರೆ ಕಾಲು ಮುಂದಾಗಿ ಬರುವ ಮಗುವಿನ ಮೈಯೆಲ್ಲ ಹೊರಬಂದು ತಲೆ ಸಿಕ್ಕಿಕೊಂಡಾಗ, ಮೈ ಹಿಡಿದು ಎಳೆದರೆ ಕುತ್ತಿಗೆ ಹೋಯಿತು. ಬಾಯೊಳಗೆ ಬೆರಳಿಟ್ಟು, ಗದ್ದವನ್ನು ಎದೆ ಕಡೆ ಬಗ್ಗಿಸಿ, ನಿಧಾನಕ್ಕೆ ತಲೆ ಬಿಡಿಸಬೇಕು. ಇದನ್ನು ಪುಸ್ತಕ ಓದಿ ಕಲಿಯೋಕಾಗಲ್ಲ, ಬೆರಳೇ ಕಲಿಯಬೇಕು. ಬೊಂಬೆಯ ಮೇಲೆ ಹತ್ತು ಸಲ ತಪ್ಪಿದರೂ ಯಾರ ಜೀವವೂ ಹೋಗುತ್ತಿರಲಿಲ್ಲ.

1759ರಲ್ಲಿ ಹೆರಿಗೆ ಬಗ್ಗೆ ಸರಳವಾದ ಪುಸ್ತಕವನ್ನೂ ಬರೆದರು. ಅದೇ ವರ್ಷ ದೊರೆ 15ನೇ ಲೂಯಿ ದೇಶದ ಯಾವ ಮೂಲೆಯಲ್ಲಾದರೂ ಪಾಠ ಹೇಳಬಹುದೆಂದು ಅವರಿಗೆ ಅಧಿಕಾರ ಪತ್ರ ಕೊಟ್ಟ. ಯುದ್ಧ ನಡೆಯುತ್ತಿದ್ದ ಕಾಲ. ಜನಸಂಖ್ಯೆ ಇಳೀತಾ ಇದೆ, ಸೈನ್ಯಕ್ಕೆ, ಹೊಲಕ್ಕೆ ಆಳು ಸಾಲದು ಅನ್ನೋ ಚಿಂತೆ ದರ್ಬಾರಿಗೆ. ತಾಯಂದಿರ ಮೇಲಿನ ಕರುಣೆಗಿಂತ ಈ ಲೆಕ್ಕವೇ ದೊಡ್ಡದಿತ್ತು ಅನಿಸುತ್ತದೆ. ಏನೇ ಇರಲಿ, ಕೆಲಸ ಆಯಿತು.

ಒಂದು ಊರಲ್ಲಿ ಸುಮಾರು ಎರಡು ತಿಂಗಳ ಪಾಠ. ಹಳ್ಳಿಗಳಿಂದ ಆರಿಸಿ ಕಳಿಸಿದ ಹೆಂಗಸರು ಮನೆ, ಹೊಲ ಬಿಟ್ಟು ಬಂದು ಉಳಿಯಬೇಕು. ಒಬ್ಬೊಬ್ಬರೂ ಬೊಂಬೆಯ ಮುಂದೆ ಕೂತು ಮಾಡಿ ತೋರಿಸಬೇಕು. ಅವಸರ ಮಾಡಬೇಡಿ, ನೋವಿನಲ್ಲಿರುವವಳಿಗೆ ಧೈರ್ಯ ಹೇಳಿ, ಉಸಿರಾಡದ ಮಗು ಸತ್ತಿತೆಂದು ಬೇಗ ಕೈಬಿಡಬೇಡಿ ಎಂಬುದು ಪಾಠದ ಭಾಗವೇ ಆಗಿತ್ತು. ಪಾಠ ಮುಗಿದ ಮೇಲೆ ಒಂದು ಬೊಂಬೆಯನ್ನು ಆ ಊರಿಗೇ ಬಿಟ್ಟು, ಅಲ್ಲಿನ ಶಸ್ತ್ರವೈದ್ಯರಿಗೆ ಅದರ ಬಳಕೆ ಹೇಳಿಕೊಟ್ಟು ಮುಂದಿನ ಊರಿಗೆ ಹೊರಡುತ್ತಿದ್ದರು. ಪುಕ್ಕಟೆ ಅಲ್ಲ. ಬೊಂಬೆಯ ಬೆಲೆ ಸುಮಾರು 300 ಲಿವ್ರ್ (ಅಲ್ಲಿನ ಅಂದಿನ ನಾಣ್ಯ). ವ್ಯವಹಾರದಲ್ಲಿ ಮೇಡಂ ಬಹಳ ಚುರುಕು. 1767ರಿಂದ ವರ್ಷಕ್ಕೆ 8000 ಲಿವ್ರ್ ಸಂಬಳವನ್ನೂ ಸರ್ಕಾರದಿಂದ ಮಂಜೂರು ಮಾಡಿಸಿಕೊಂಡರು.

ಎಲ್ಲ ಕಡೆ ಆರತಿ ಎತ್ತಿ ಕರೆಯಲಿಲ್ಲ. ಗಂಡಸರಾದ ತಮಗೆ ಒಬ್ಬ ಹೆಂಗಸು ಪಾಠ ಹೇಳೋದೇ ಅಂತ ಕೆಲವು ವೈದ್ಯರಿಗೆ ಸಿಟ್ಟು. ಖರ್ಚು ಯಾರು ಕೊಡೋದು ಅಂತ ಕೆಲವು ಪ್ರಾಂತ್ಯದವರ ತಕರಾರು. ಅವರು ಬಗ್ಗಲಿಲ್ಲ. ಎಪ್ಪತ್ತು ದಾಟುವವರೆಗೂ ಓಡಾಡಿದರು. 1783ರ ಹೊತ್ತಿಗೆ ತಿರುಗಾಟ ನಿಂತಾಗ, ಅವರ ಕೈಯಲ್ಲಿ ನೇರವಾಗಿ ಕಲಿತವರು ನಾಲ್ಕೈದು ಸಾವಿರ ಮಂದಿ ಎಂದು ಇತಿಹಾಸಕಾರರ ಅಂದಾಜು. ಅವರ ಸೊಸೆ ಎನಿಸಿಕೊಂಡಿದ್ದ ಮಾರ್ಗರೀತ್ ಕೂತಾನ್ಸೋ ಆ ಕೆಲಸವನ್ನು ಬೋರ್ಡೋ ನಗರದಲ್ಲಿ ಮುಂದುವರಿಸಿದರು.

1789ರಲ್ಲಿ ಕ್ರಾಂತಿಯಾಯಿತು. ದೊರೆಯೇ ಹೋದ ಮೇಲೆ ದೊರೆ ಕೊಟ್ಟ ಪತ್ರಕ್ಕೆ ಬೆಲೆ ಎಲ್ಲಿ? ಪಿಂಚಣಿ ಕೈಗೆ ಬರುವುದೂ ಕಷ್ಟವಾಯಿತು. 1794ರಲ್ಲಿ, ಊರೂರಲ್ಲಿ ತಲೆ ಉರುಳುತ್ತಿದ್ದ ಆ ದಿನಗಳಲ್ಲಿ, ಬೋರ್ಡೋದಲ್ಲೇ ತೀರಿಕೊಂಡರು. ಆಗ ಎಂಬತ್ತರ ಆಸುಪಾಸು ವಯಸ್ಸು.

ಅವರು ಮಾಡಿಸಿದ ಬೊಂಬೆಗಳಲ್ಲಿ ಒಂದು ಇವತ್ತಿಗೂ ಫ್ರಾನ್ಸಿನ ರೂಆನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.