ನೂರು ವರ್ಷದ ಯೋಗಿ ಕೃಷ್ಣಮಾಚಾರ್ಯ

ಯೋಗ ಕಲಿಯಬೇಕೆಂದು ಹುಮ್ಮಸ್ಸಿನಿಂದ ಚಾಪೆ ಹಾಸಿದವರಲ್ಲಿ ಎಷ್ಟೋ ಮಂದಿ ತಿಂಗಳು ತುಂಬುವ ಮೊದಲೇ ಅದನ್ನು ಸುತ್ತಿಡುತ್ತಾರೆ. ಮೈ ಬಗ್ಗುವುದಿಲ್ಲ, ಫಲ ಕಾಣುವುದಿಲ್ಲ ಎಂಬ ಬೇಸರ. ಇಂದು ಜಗತ್ತಿನಾದ್ಯಂತ ಹರಡಿರುವ ಆಸನಾಭ್ಯಾಸಕ್ಕೆ ಮೂಲಪುರುಷರಾದ ತಿರುಮಲೈ ಕೃಷ್ಣಮಾಚಾರ್ಯರಿಗೂ ಬೇಸರಪಡಲು ಕಾರಣಗಳು ಕಡಿಮೆ ಇರಲಿಲ್ಲ.

ಅವರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಮೊದಲ ಪಾಠ ಹೇಳಿಕೊಟ್ಟ ತಂದೆ ಬೇಗ ತೀರಿಕೊಂಡರು. ಮೈಸೂರು, ಕಾಶಿ ಎಂದು ಓದಿಗಾಗಿ ಅಲೆದು, ಕೊನೆಗೆ ಹಿಮಾಲಯದ ಆಚೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳು ವರ್ಷಕ್ಕೂ ಮೇಲ್ಪಟ್ಟು ಕಲಿತದ್ದಾಗಿ ಅವರೇ ಹೇಳುತ್ತಿದ್ದರು. ಸಂಸಾರಿಯಾಗಿ ಇದ್ದುಕೊಂಡೇ ಯೋಗ ಕಲಿಸಬೇಕು ಎಂಬುದು ಗುರು ಕೇಳಿದ ದಕ್ಷಿಣೆ.

ಆದರೆ ಊರಿಗೆ ಬಂದರೆ ಯೋಗ ಯಾರಿಗೆ ಬೇಕಿತ್ತು? ಶಾಸ್ತ್ರಗಳಲ್ಲಿ ದೊಡ್ಡ ಪದವಿಗಳಿದ್ದ ಪಂಡಿತರು ಹೊಟ್ಟೆಪಾಡಿಗೆ ಹಾಸನದ ಕಡೆ ಕಾಫಿ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದರು. ಬಿಡುವಿದ್ದಾಗ ಪೇಟೆಗೆ ಬಂದು ಉಪನ್ಯಾಸ, ಆಸನ ಪ್ರದರ್ಶನ. 1927ರಲ್ಲಿ ಹಾಸನದಲ್ಲಿ ಹಾಗೊಂದು ಪ್ರದರ್ಶನ ನೋಡಿದ ಹನ್ನೆರಡು ವರ್ಷದ ಹುಡುಗನೇ ಮುಂದೆ ಹೆಸರಾದ ಪಟ್ಟಾಭಿ ಜೋಯಿಸರು.

ಅದೃಷ್ಟ ತಿರುಗಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಬಿದ್ದಾಗ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು, ಮರುವರ್ಷ ಕನ್ನಡದಲ್ಲೇ 'ಯೋಗ ಮಕರಂದ' ಬಂತು. ಆಗ ಅವರು ಮಹಾ ಕಟ್ಟುನಿಟ್ಟಿನ ಗುರು, ಮುಂಗೋಪಿ ಕೂಡ. ಮನೆಯಲ್ಲೇ ಇದ್ದ ಭಾವಮೈದುನ, ರೋಗಿಷ್ಠ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್ ಆ ಬಿಸಿಯನ್ನು ಚೆನ್ನಾಗಿಯೇ ಉಂಡರು. ಆ ಹುಡುಗನ ಮೇಲೆ ಗುರುವಿಗೇ ಭರವಸೆ ಇರಲಿಲ್ಲವಂತೆ. 1937ರಲ್ಲಿ ಮರಾಠಿ ಬಾರದ ಅದೇ ಹುಡುಗನನ್ನು ಪುಣೆಗೆ ಕಳಿಸಿದರು. ಆರು ತಿಂಗಳಿಗೆಂದು ಹೋದವರು ಅಲ್ಲೇ ನೆಲೆ ನಿಂತು ಲೋಕಪ್ರಸಿದ್ಧರಾದರು. ತಾಳ್ಮೆಯ ಮಾತು ಬಂದಾಗ ಗುರುವಿಗಿಂತ ಶಿಷ್ಯನಿಗೇ ಹೆಚ್ಚು ಅಂಕ ಕೊಡಬೇಕೆಂದು ನನಗೆ ಅನಿಸುತ್ತದೆ.

1940ರಲ್ಲಿ ಮಹಾರಾಜರು ತೀರಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ಆಸರೆ ತಪ್ಪಿತು, 1950ರಲ್ಲಿ ಶಾಲೆಯ ಬಾಗಿಲೇ ಮುಚ್ಚಿತು. ಅರವತ್ತು ದಾಟಿದ ಮನುಷ್ಯ, ದೊಡ್ಡ ಸಂಸಾರ, ಕೈಯಲ್ಲಿ ಕೆಲಸವಿಲ್ಲ. ಕೆಲಕಾಲದಲ್ಲೇ ಮದ್ರಾಸಿನಿಂದ ಕರೆ ಬಂದಾಗ ಅಲ್ಲಿಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿದರು.

ಮದ್ರಾಸಿಗೆ ಹೋದ ಮೇಲೆ ಕಲಿಸುವ ರೀತಿಯೇ ಬದಲಾಯಿತು. ಮೈಸೂರಿನಲ್ಲಿ ಬಿಸಿರಕ್ತದ ಹುಡುಗರಿಗೆ ಹಾರುವ, ಬಾಗುವ ಕಠಿಣ ಸಾಲು ಆಸನಗಳು. ಇಲ್ಲಿ ಬಂದವರಲ್ಲಿ ರೋಗಿಗಳು, ವಯಸ್ಸಾದವರು ಹೆಚ್ಚು. ಒಬ್ಬೊಬ್ಬರ ನಾಡಿ, ಉಸಿರು, ವಯಸ್ಸು ನೋಡಿ ಒಬ್ಬೊಬ್ಬರಿಗೆ ಬೇರೆಯೇ ಅಭ್ಯಾಸ. ಕೈ ಮೇಲೆತ್ತಲು ಆಗದವನಿಗೆ ಎತ್ತುವಷ್ಟೇ ಪಾಠ, ಉಸಿರಿನ ಜೊತೆಗೆ. ಸಿಟ್ಟೂ ಇಳಿದಿತ್ತು ಎಂದು ಕಂಡವರು ಹೇಳುತ್ತಾರೆ. ಮಗ ಟಿ.ಕೆ.ವಿ. ದೇಶಿಕಾಚಾರ್ ಎಂಜಿನಿಯರ್ ಕೆಲಸ ಬಿಟ್ಟು ಅಪ್ಪನ ಬಳಿ ಕಲಿಯಲು ಕುಳಿತದ್ದು, 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಕಟ್ಟಿದ್ದು ಇದೇ ಊರಿನಲ್ಲಿ.

ತೊಂಬತ್ತಾರನೆಯ ವಯಸ್ಸಿನಲ್ಲಿ ಅವರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದರು. ಹಾಸಿಗೆಯಲ್ಲಿ ಮಲಗಿಯೇ ತನಗೆ ಸಾಧ್ಯವಾಗುವಂಥ ಅಭ್ಯಾಸವನ್ನು ತಾನೇ ರೂಪಿಸಿಕೊಂಡು ಮಾಡತೊಡಗಿದರು. ಬೇರೆಯವರಿಗೆ ಮೂವತ್ತು ವರ್ಷ ಕೊಟ್ಟ ಪಾಠ ಈಗ ತನ್ನ ಮೈಮೇಲೆ. ನೂರು ತುಂಬಿದ ಮೇಲೆ, 1989ರ ಫೆಬ್ರವರಿ 28ರಂದು, ಮದ್ರಾಸಿನಲ್ಲೇ ಕಣ್ಣು ಮುಚ್ಚಿದರು.