ಕುಳ್ಳ ಸಸಿಗಳಿಗೊಂದು ಬೇರೆ ಪಾತಿ

ಗೋಧಿಯ ಕಾಂಡ ಎತ್ತರವಾದಷ್ಟೂ ಬೆಳೆ ಹುಲುಸೆಂದು ನಾವು ಭಾವಿಸುವುದುಂಟು. ಆದರೆ ತೆನೆ ತುಂಬಿದಾಗ ಉದ್ದನೆಯ ಕಾಂಡ ಗಾಳಿಮಳೆಗೆ ನೆಲಕ್ಕೊರಗುತ್ತದೆ. ಕಾಂಡದ ಎತ್ತರವು ತಲೆಮಾರಿನಿಂದ ತಲೆಮಾರಿಗೆ ಸಾಗುವ ನಿಯಮವನ್ನು ಅರಸಿ ಹೊರಟರೆ ನಾವು ತಲುಪುವುದು ಒಂದು ಮಠದ ತೋಟವನ್ನು. ಅಲ್ಲಿ ದುಡಿದವರು ಕಥೋಲಿಕ ಗುರು ಗ್ರೆಗೋರ್ ಮೆಂಡೆಲ್.

1822ರಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಸೈಲೀಸಿಯಾ ಪ್ರಾಂತದ ರೈತ ಕುಟುಂಬವೊಂದರಲ್ಲಿ ಅವರು ಜನಿಸಿದರು. ಮರದ ದಿಮ್ಮಿ ಬಿದ್ದು ತಂದೆ ದುಡಿಯಲಾರದಂತಾದಾಗ ಮಗನ ಓದು ನಿಲ್ಲುವುದರಲ್ಲಿತ್ತು. ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಪಾಲನ್ನೇ ಅಣ್ಣನ ವಿದ್ಯೆಗೆ ಬಿಟ್ಟುಕೊಟ್ಟಳು. (ಮುಂದೆ ಆಕೆಯ ಮೂವರು ಗಂಡುಮಕ್ಕಳ ಓದಿಗೆ ನೆರವಾಗಿ ಅವರು ಆ ಋಣ ತೀರಿಸಿದರು.) 1843ರಲ್ಲಿ ಬ್ರನೋ ನಗರದ ಸಂತ ತೋಮರ ಅಗಸ್ಟೀನಿಯನ್ ಮಠವನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ರೋಗಿಗಳ ನರಳಾಟವನ್ನು ಕಂಡು ತಾಳಲಾರದೆ ತಾವೇ ಹಾಸಿಗೆ ಹಿಡಿದರು. ಅವರನ್ನು ಬೋಧನೆಗೆ ಕಳುಹಿಸಲಾಯಿತು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲೋ ಕೊನೆಯವರೆಗೂ ಅವರು ತೇರ್ಗಡೆಯಾಗಲಿಲ್ಲ. ಆದರೂ ಮಠಾಧಿಪತಿ ಸಿರಿಲ್ ನಾಪ್ ಅವರನ್ನು ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಓದಲು ಕಳುಹಿಸಿದರು. ಈ ಔದಾರ್ಯಕ್ಕೆ ವಿಜ್ಞಾನ ಪ್ರಪಂಚ ಋಣಿಯಾಗಿರಬೇಕೆಂಬುದು ನಮ್ಮ ಎಣಿಕೆ.

1856ರಿಂದ 1863ರವರೆಗೆ ಅವರು ಸುಮಾರು 28,000 ಬಟಾಣಿ ಗಿಡಗಳನ್ನು ಪರೀಕ್ಷಿಸಿದರು. ಆರೇಳು ಅಡಿ ಎತ್ತರದ ತಳಿಯನ್ನು ಒಂದೂವರೆ ಅಡಿಯನ್ನೂ ಮೀರದ ಕುಳ್ಳ ತಳಿಯೊಂದಿಗೆ ಸಂಕರಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಎತ್ತರವೇ. ಮರುಪೀಳಿಗೆಯ 1,064 ಗಿಡಗಳಲ್ಲಿ 787 ಎತ್ತರ, 277 ಕುಳ್ಳ: ಹೆಚ್ಚುಕಡಿಮೆ ಮೂರಕ್ಕೆ ಒಂದು. ಕಾಣದಿರುವುದೆಲ್ಲ ಇಲ್ಲದಿರುವುದಲ್ಲ; ಅರಿಸ್ಟಾಟಲನ ಶಕ್ಯತೆಯ ತತ್ತ್ವವನ್ನು ಓದಿದ ನಮಗೆ ಇದು ತೀರ ಅಪರಿಚಿತವೆನಿಸದು. ದಟ್ಟ ಹಸಿರಿನ, ಒತ್ತಾದ ಎಲೆಗಳಿಂದ ಕುಳ್ಳ ಗಿಡಗಳನ್ನು ಅವರು ಎಳೆಯ ಸಸಿಯಲ್ಲೇ ಗುರುತಿಸುತ್ತಿದ್ದರು. ಎತ್ತರದ ಒಡಹುಟ್ಟುಗಳ ನೆರಳಲ್ಲಿ ಅವು ಸಾಯದಂತೆ ಜೋಪಾನವಾಗಿ ಕಿತ್ತು ಬೇರೆ ಪಾತಿಯಲ್ಲಿ ನೆಟ್ಟರು. ಈ ಆರೈಕೆಯಿಲ್ಲದಿದ್ದರೆ ಆ ಲೆಕ್ಕವೇ ತಪ್ಪುತ್ತಿತ್ತು.

1865ರಲ್ಲಿ ಅವರು ಓದಿದ ಪ್ರಬಂಧ ಮರುವರ್ಷ ಅಚ್ಚಾಯಿತು; ಅದರ ಮಹತ್ವವನ್ನು ಅಂದು ಯಾರೂ ಗ್ರಹಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದ ಅವರ ಕೊನೆಯ ವರ್ಷಗಳು ಮಠಗಳ ಮೇಲಿನ ತೆರಿಗೆಯ ವ್ಯಾಜ್ಯದಲ್ಲೇ ಸವೆದವು. 1884ರ ಜನವರಿ 6ರಂದು ನಿಧನರಾದರು.

1900ರಲ್ಲಿ ಮೂವರು ಸಸ್ಯವಿಜ್ಞಾನಿಗಳು ಆ ನಿಯಮವನ್ನು ಮತ್ತೆ ಬೆಳಕಿಗೆ ತಂದರು. 1905ರಲ್ಲಿ ಇಂಗ್ಲೆಂಡಿನ ಬಿಫೆನ್ ಗೋಧಿಯ ಹಳದಿ ತುಕ್ಕುರೋಗ ನಿರೋಧವೂ ಅದನ್ನೇ ಅನುಸರಿಸುವುದೆಂದು ತೋರಿಸಿದರು. ಜಪಾನಿನಲ್ಲಿ 1935ರಲ್ಲಿ ಹೊರಬಂದ ಕುಳ್ಳ ಗೋಧಿ ನೋರಿನ್ 10ರ ಗುಣವನ್ನು ಅಮೆರಿಕದ ವೋಗೆಲ್ ಚಳಿಗಾಲದ ಗೋಧಿಗೆ ಸೇರಿಸಿದರು. 1961ರಲ್ಲಿ ಗೇನ್ಸ್ ತಳಿ ಬಂತು. ಕಾಂಡವನ್ನು ಕುಗ್ಗಿಸುವ ಆ ಗುಣ ಮೊಳಕೆಯ ಕವಚವನ್ನೂ ಕುಗ್ಗಿಸುತ್ತದೆ. ತೇವವನ್ನರಸಿ ಆಳಕ್ಕೆ ಬಿತ್ತಿದರೆ ಸಸಿ ಮಣ್ಣಿನಿಂದ ಮೇಲೇಳಲು ಹೆಣಗುತ್ತದೆ. ಕಾಂಡ ಗಿಡ್ಡವಾಗಿಯೂ ಮೊಳಕೆ ಉದ್ದವಾಗಿಯೂ ಇರುವಂತೆ ಮಾಡುವ ಬೇರೆ ಗುಣಾಣುಗಳನ್ನು ತಳಿಗಾರರು ಇಂದು ಸಂಕರಿಸಿ ನೋಡುತ್ತಿದ್ದಾರೆ, ಪೀಳಿಗೆಯಿಂದ ಪೀಳಿಗೆಗೆ ಸಸಿಗಳನ್ನು ಎಣಿಸುತ್ತ.