ಲಾಲ್‌ಬಾಗಿನ ತೋಟಗಾರ ಕೃಂಬಿಗಲ್

ಕಳೆದ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರವೇ ಎಂಟನೆಯ ತರಗತಿಯ ಹುಡುಗನೊಬ್ಬ ಹೂಚಟ್ಟಿಯೊಂದನ್ನು ಎದೆಗವಚಿಕೊಂಡು ಬಂದ. ಚಟ್ಟಿಯಲ್ಲಿ ಮೊಳದುದ್ದದ ಸೇಬಿನ ಗಿಡವಿತ್ತು. ಫ್ರಿಜ್ಜಿನಲ್ಲಿಟ್ಟಿದ್ದ ಹಣ್ಣಿನ ಬೀಜದಿಂದ ಅವನೇ ಹುಟ್ಟಿಸಿದ ಗಿಡವದು. ಪರಿಸರ ದಿನದಂದು ಶಾಲೆಯ ಅಂಗಳದಲ್ಲಿ ಅದನ್ನು ನೆಡಬೇಕು ಎಂಬುದು ಅವನ ಆಸೆ. ನಮ್ಮ ನೆಲದಲ್ಲಿ ಅದು ಬದುಕೀತೇ, ಹಣ್ಣು ಬಿಟ್ಟೀತೇ ಎಂಬುದು ಅವನ ಪ್ರಶ್ನೆ. ಭಾಷೆ ಕಲಿಸುವ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಆದರೆ ದೂರದ ಗಿಡಗಳನ್ನು ತರಿಸಿ ನಮ್ಮ ನಾಡಿನಲ್ಲಿ ಬೇರೂರಿಸಿದ, ಕೊನೆಗೆ ತಾನೂ ಇಲ್ಲಿಯೇ ಬೇರೂರಿದ ಮಹನೀಯರೊಬ್ಬರ ನೆನಪಾಯಿತು. ವಿದ್ಯಾರ್ಥಿಗಳೇ, ಅವರೇ ಗುಸ್ತಾವ್ ಹರ್ಮನ್ ಕೃಂಬಿಗಲ್.

ಕೃಂಬಿಗಲ್ಲರು ಜನಿಸಿದ್ದು 1865ನೆಯ ಇಸವಿ ದಶಂಬರ 18ರಂದು, ಜರ್ಮನಿಯ ಡ್ರೆಸ್ಡನ್ ನಗರದ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ಎಳವೆಯಲ್ಲೇ ಅವರ ಮನಸ್ಸು ತೋಟಗಾರಿಕೆಯತ್ತ ಒಲಿದಿತ್ತು. ಪಿಲ್ನಿಟ್ಸ್ ಎಂಬಲ್ಲಿ ಆ ವಿದ್ಯೆಯನ್ನು ಕಲಿತರು. 1888ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಸೇರಿದರು. ಅಲ್ಲಿಂದ ಜಗತ್ಪ್ರಸಿದ್ಧವಾದ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ದೊರೆಯಿತು. ಲೋಕದ ನಾನಾ ದೇಶಗಳ ಗಿಡಮರಗಳನ್ನು ತರಿಸಿ, ಸಾಕಿ, ಪರೀಕ್ಷಿಸಿ, ಬೇರೆ ದೇಶಗಳಿಗೆ ಕಳುಹಿಸುತ್ತಿದ್ದ ಕೇಂದ್ರವದು. ಒಂದು ಗಿಡವನ್ನು ಹುಟ್ಟಿದ ನೆಲದಿಂದ ಸಾವಿರಾರು ಮೈಲಿ ದೂರಕ್ಕೆ ಒಯ್ದು ಬದುಕಿಸುವುದು ಹೇಗೆ ಎಂಬ ಪಾಠವನ್ನು ಕಲಿಯಲು ಅದಕ್ಕಿಂತ ದೊಡ್ಡ ಶಾಲೆ ಆಗ ಇರಲಿಲ್ಲವೆಂದೇ ಹೇಳಬೇಕು.

1893ರಲ್ಲಿ ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸೇವೆಗೆಂದು ಅವರು ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೇಳರ ಪ್ರಾಯ. ಹದಿನೈದು ವರ್ಷಗಳ ಬಳಿಕ, 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನವು ಅವರನ್ನು ಬೆಂಗಳೂರಿಗೆ ಕರೆಸಿಕೊಂಡಿತು. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ತೋಟವನ್ನು ಅದುವರೆಗೆ ಕ್ಯಾಮೆರಾನ್ ಎಂಬವರು ಬಹುಕಾಲ ನೋಡಿಕೊಂಡಿದ್ದರು. ಅವರ ಸ್ಥಾನಕ್ಕೆ ಕೃಂಬಿಗಲ್ಲರು ಬಂದರು. ಮುಂದೆ 1932ರವರೆಗೆ, ಸುಮಾರು ಇಪ್ಪತ್ತನಾಲ್ಕು ವರ್ಷ ಕಾಲ, ಸಂಸ್ಥಾನದ ಉದ್ಯಾನಗಳ ಭಾರ ಅವರ ಹೆಗಲ ಮೇಲಿತ್ತು.

ಲಾಲ್‌ಬಾಗ್ ಎಂದರೆ ನಮಗೆಲ್ಲ ಪ್ರವಾಸದಲ್ಲಿ ಕಂಡ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ ಇವೇ ನೆನಪಿಗೆ ಬರುತ್ತವೆ. ಆದರೆ ಅದು ಬರಿಯ ನೋಟದ ತೋಟವಲ್ಲ, ಪ್ರಯೋಗದ ತೋಟವೂ ಹೌದು. ಕೃಂಬಿಗಲ್ಲರು ಹೊರದೇಶಗಳ ಸಸ್ಯೋದ್ಯಾನಗಳೊಡನೆ ಬೀಜ, ಸಸಿಗಳ ಕೊಡುಕೊಳ್ಳುವಿಕೆಯನ್ನು ಹೆಚ್ಚಿಸಿದರು. ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳ, ದನಗಳ ಮೇವಿಗಾಗಿ ರೋಡ್ಸ್ ಹುಲ್ಲು ಮುಂತಾದವನ್ನು ತರಿಸಿ ಬೆಳೆಸಿದರು. ಹೂವಿನ ಸೊಬಗಿನಷ್ಟೇ ರೈತನ ಹೊಟ್ಟೆಪಾಡೂ ಅವರಿಗೆ ಮುಖ್ಯವಾಗಿತ್ತು.

ಅವರ ಹೆಸರನ್ನು ಇಂದಿಗೂ ಉಳಿಸಿರುವ ಕೆಲಸವೆಂದರೆ ಬೆಂಗಳೂರಿನ ಸಾಲುಮರಗಳು. ಒಂದು ಬೀದಿಯ ಮರಗಳು ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯ ಮರಗಳು ಹೂ ಬಿಡಬೇಕು, ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಒಂದು ಕಡೆ ಹೂವಿರಬೇಕು ಎಂಬುದು ಅವರ ಯೋಜನೆ. ಮಾರ್ಚಿನಲ್ಲಿ ನೇರಿಳೆ ಬಣ್ಣದ ಜಕರಂದ, ಏಪ್ರಿಲ್ ಮೇ ತಿಂಗಳಲ್ಲಿ ಕೆಂಪು ಗುಲ್‌ಮೊಹರ್, ಹೀಗೆ ಒಂದರ ಹಿಂದೆ ಒಂದು. ಜಕರಂದದ ತವರು ದಕ್ಷಿಣ ಅಮೆರಿಕ. ಗುಲ್‌ಮೊಹರಿನ ತವರು ಮಡಗಾಸ್ಕರ್ ದ್ವೀಪ. ಇಂದು ಅವುಗಳನ್ನು ಪರದೇಶದ ಮರಗಳೆಂದು ಯಾರು ತಾನೇ ಎಣಿಸುತ್ತಾರೆ? ನೆಟ್ಟ ಸಸಿ ನೆರಳು ಕೊಡಲು ಹತ್ತಾರು ವರ್ಷ ಬೇಕು. ನೆಟ್ಟವನಿಗೆ ಅದರ ಪೂರ್ಣ ಸೊಬಗು ಕಾಣುವ ಭಾಗ್ಯ ಇರಲಿಕ್ಕಿಲ್ಲ. ಅದನ್ನರಿತೇ ಅವರು ನೆಡಿಸಿದರು.

ಇಷ್ಟೊಂದು ಸಸಿಗಳು ಬದುಕಿದ್ದು ಅದೃಷ್ಟದಿಂದಲ್ಲ. ಚಟ್ಟಿಯ ಗಿಡವನ್ನು ನೆಲಕ್ಕೆ ಇಳಿಸುವುದಕ್ಕೂ ಒಂದು ಕ್ರಮವಿದೆ. ಬಹುಕಾಲ ಚಟ್ಟಿಯಲ್ಲೇ ಉಳಿದ ಗಿಡದ ಬೇರುಗಳು ಹೋಗಲು ದಾರಿಯಿಲ್ಲದೆ ಒಳಗೇ ಸುತ್ತಿಕೊಳ್ಳುತ್ತವೆ. ಹಾಗೆಯೇ ನೆಟ್ಟರೆ ನೆಲ ಎಷ್ಟು ವಿಶಾಲವಾಗಿದ್ದರೂ ಅವು ಚಟ್ಟಿಯ ಅಳತೆಯಲ್ಲೇ ಸುತ್ತುತ್ತಿರುತ್ತವೆ. ಹಲವು ವರ್ಷಗಳ ಹಿಂದೆ ನಾನು ಒಂದು ಕಸಿ ಪೇರಳೆ ಗಿಡವನ್ನು ಅವಸರದಲ್ಲಿ ಹಾಗೆಯೇ ಹೂತುಬಿಟ್ಟಿದ್ದೆ. ಮಳೆಗಾಲವಿಡೀ ಹಸುರಾಗಿದ್ದ ಗಿಡ ಮಾಗಿಯಲ್ಲಿ ಒಣಗಿತು. ಕಿತ್ತು ನೋಡಿದರೆ ಬೇರು ಚೆಂಡಿನಂತೆ ಸುತ್ತಿಕೊಂಡಿತ್ತು. ತಪ್ಪು ಗಿಡದ್ದಲ್ಲ, ನನ್ನದು.

ಆದುದರಿಂದ ನೆಡುವ ಮೊದಲು ಸುತ್ತಿದ ಬೇರುಗಳನ್ನು ಬೆರಳಿನಿಂದ ಮೆಲ್ಲನೆ ಬಿಡಿಸಬೇಕು. ಮುರಕಲ್ಲಿನ ನೆಲವಾದರೆ ಎರಡರಿಂದ ಮೂರು ಅಡಿ ಅಗಲ ಆಳದ ಹೊಂಡ ತೋಡಿ, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ ತುಂಬಬೇಕು. ಗಿಡವು ಚಟ್ಟಿಯಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ನಿಲ್ಲಬೇಕು. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಸಂಜೆಯ ಹೊತ್ತು ಅಥವಾ ಮೋಡ ಕವಿದ ದಿನ ನೆಡಲು ಉತ್ತಮ. ಗಾಳಿಗೆ ಅಲುಗದಂತೆ ಒಂದು ಗೂಟ ಕೊಡಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಮಳೆ ನಿಂತ ಮೇಲೆ ಪಡುವಣ ಬಿಸಿಲಿಗೆ ತೆಂಗಿನ ಮಡಲನ್ನು ಮರೆಯಾಗಿ ಕಟ್ಟಬೇಕು. ಇಷ್ಟು ಮಾಡಿದವನು ಮಾತ್ರ ಗಿಡ ನೆಟ್ಟೆನೆಂದು ಹೇಳಬಹುದು. ಉಳಿದವರು ಫೋಟೋಕ್ಕೆ ನಿಂತವರು.

ಕೃಂಬಿಗಲ್ಲರು ಗಿಡಗಳನ್ನು ಬೆಳೆಸಿದಂತೆ ಜನರನ್ನೂ ಬೆಳೆಸಿದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘದ ಸ್ಥಾಪನೆಯಲ್ಲಿ ಅವರು ಮುಂದಾಳಾಗಿದ್ದರು. ಅವರ ಕೈಕೆಳಗೆ ಪಳಗಿದ ಎಚ್. ಸಿ. ಜವರಾಯರು 1932ರಲ್ಲಿ ಅವರ ಸ್ಥಾನಕ್ಕೆ ಬಂದರು. ಆ ಪರಂಪರೆಯನ್ನು ಮುಂದೆ ಎಂ. ಎಚ್. ಮರೀಗೌಡರು ಬೆಳಗಿದರು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ರಚನೆಯಲ್ಲಿಯೂ ಕೃಂಬಿಗಲ್ಲರ ಪಾತ್ರವಿದೆ.

ನಿವೃತ್ತರಾದ ಬಳಿಕ ಅವರು ಸ್ವದೇಶಕ್ಕೆ ಮರಳಬಹುದಿತ್ತು. ಮರಳಲಿಲ್ಲ. ಸಲಹೆಗಾರರಾಗಿ ಬೆಂಗಳೂರಿನಲ್ಲೇ ಉಳಿದರು. ಆದರೆ 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಅವರಿಗೆ ದೊಡ್ಡ ಪೆಟ್ಟು ಬಿತ್ತು. ಹುಟ್ಟಿನಿಂದ ಜರ್ಮನ್ ಆದ ಕಾರಣಕ್ಕೆ ಬ್ರಿಟಿಷ್ ಸರಕಾರವು ಅವರನ್ನು ಶತ್ರುದೇಶದವರೆಂದು ಎಣಿಸಿ ಬಂಧನ ಶಿಬಿರದಲ್ಲಿ ಇರಿಸಿತು. ಎಪ್ಪತ್ತು ದಾಟಿದ ವೃದ್ಧ. ನಲ್ವತ್ತಕ್ಕೂ ಹೆಚ್ಚು ವರ್ಷ ಈ ನೆಲದ ಮಣ್ಣಿನಲ್ಲಿ ಕೈಯಾಡಿಸಿದವರು. ಅವರು ನೆಡಿಸಿದ ಮರಗಳು ಊರಿಗೆ ನೆರಳು ಕೊಡುತ್ತಿದ್ದವು. ಅವರೋ ಶಿಬಿರದ ಬೇಲಿಯೊಳಗಿದ್ದರು. ಇಂತಹ ಅವಮಾನದ ಮೇಲೆ ಮನಸ್ಸು ಕಹಿಯಾಗಿ ಹೊರಟುಹೋಗುವವರೇ ಹೆಚ್ಚು. ಕೃಂಬಿಗಲ್ಲರು ಬಿಡುಗಡೆಯಾದ ಮೇಲೂ ಬೆಂಗಳೂರನ್ನು ಬಿಡಲಿಲ್ಲ. ಸ್ವತಂತ್ರ ಭಾರತವನ್ನು ಕಣ್ಣಾರೆ ಕಂಡು, 1956ನೆಯ ಇಸವಿ ಫೆಬ್ರವರಿ 8ರಂದು ತೊಂಬತ್ತರ ಪ್ರಾಯದಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಹೊಸೂರು ರಸ್ತೆಯ ಮೆಥೋಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಬದಿಯ ರಸ್ತೆಗೆ ಅವರ ಹೆಸರಿದೆ.

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಸೇಬಿನ ಮರವು ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ಸಾಮಾನ್ಯ ತಳಿಗಳಿಗೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆಗಳಷ್ಟು ದೊರೆತರೆ ಮಾತ್ರ ಅದು ಸರಿಯಾಗಿ ಎಚ್ಚೆತ್ತು ಹೂ ಬಿಡುತ್ತದೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ ಹಿಂದೆ ಬಂಗಲೆಗಳ ತೋಟಗಳಲ್ಲಿ ಸೇಬಿನ ಮರಗಳಿದ್ದವು. ಈಚೆಗೆ ಅನ್ನಾ, ಎಚ್‌ಆರ್‌ಎಂಎನ್ 99 ಮುಂತಾದ, ಕಡಿಮೆ ಚಳಿ ಸಾಕಾಗುವ ತಳಿಗಳೂ ಬಂದಿವೆ. ಕಡಲ ಬದಿಯ ಕಾಸರಗೋಡಿನಲ್ಲಿ, ಅದೂ ಬೀಜದಿಂದ ಹುಟ್ಟಿದ ಗಿಡದಲ್ಲಿ, ಹಣ್ಣಿನ ಆಸೆ ಇಟ್ಟುಕೊಳ್ಳುವುದು ಕಷ್ಟ. ಇದನ್ನು ಹುಡುಗನಿಗೆ ಮರೆಮಾಚದೆ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆದರೂ ನೆಡುತ್ತೇನೆಂದ. ಬಾವಿಕಟ್ಟೆಯ ಮೂಡು ಬದಿಯಲ್ಲಿ ಹೊಂಡ ತೋಡಿದ. ಸುತ್ತಿದ ಬೇರುಗಳನ್ನು ಒಂದೊಂದಾಗಿ ಬಿಡಿಸುವಾಗ ತರಗತಿಯೇ ಸುತ್ತ ಕುಳಿತು ನೋಡಿತು. ಗಿಡ ಈ ವರ್ಷದ ಬಿರುಮಳೆಯನ್ನು ತಾಳಿಕೊಂಡು ಆರು ಹೊಸ ಎಲೆ ಬಿಟ್ಟಿದೆ.

ಮಕ್ಕಳೇ, ನಾಳೆ ನೀವೂ ಕಲಿಕೆಗೋ ಉದ್ಯೋಗಕ್ಕೋ ಈ ಊರು ಬಿಟ್ಟು ಹೋಗುವಿರಿ. ಮಂಗಳೂರಾಗಲಿ, ಬೆಂಗಳೂರಾಗಲಿ, ಕೊಲ್ಲಿಯ ದೇಶಗಳಾಗಲಿ, ಹೊಸ ನೆಲ ಮೊದಲು ಒರಟಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಈ ಜರ್ಮನ್ ತೋಟಗಾರನನ್ನು ನೆನೆಯಿರಿ. ಹೆತ್ತವರಲ್ಲಿ ನನ್ನದೊಂದು ವಿನಂತಿ: ಮನೆಯಂಗಳದಲ್ಲಿ ಮಗುವಿನ ಕೈಯಿಂದ ಒಂದು ಗಿಡ ನೆಡಿಸಿರಿ. ಮಾಗಿ, ಬೇಸಗೆ ಕಳೆದು ಮುಂದಿನ ಮಳೆ ಬರುವ ತನಕ ನೀರೆರೆಯುವ ಹೊಣೆಯನ್ನೂ ಆ ಮಗುವಿಗೇ ಒಪ್ಪಿಸಿರಿ.